ಫೋಟೋ ಚಿಕ್ಕದು ಮಾಡುವ ಮೊದಲು ಮೂಲ ಫೈಲ್ ಬೇರೆ ಕಡೆ ಇಡಿ

ನಮ್ಮ ಅಜ್ಜಿಯ ಫೋಟೋಗಳನ್ನು ನನ್ನ ಕೈಯಾರೆ ಹಾಳು ಮಾಡಿದ್ದೇನೆ. ಇನ್ನೊಬ್ಬರಿಗೆ ಹೀಗಾಗಬಾರದು, ಅದಕ್ಕೇ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಸಾಗರದ ಹತ್ತಿರದ ನಮ್ಮ ಮನೆಯಲ್ಲಿ ತಂಗಿಯ ಮದುವೆ. ಫೋಟೋಗ್ರಾಫರ್ ಮಂಟಪದ ಕಡೆ ಇದ್ದರು. ನಾನು ಚಿಕ್ಕಪ್ಪನ ಕ್ಯಾಮೆರಾ ಹಿಡಿದು ಮನೆಯವರ ಫೋಟೋ ತೆಗೆಯುತ್ತಾ ಓಡಾಡಿದೆ. ಮುನ್ನೂರಕ್ಕೂ ಜಾಸ್ತಿ ಆಯಿತು. ಅದರಲ್ಲಿ ಒಂದು, ಅಜ್ಜಿ ಜಗಲಿ ಮೇಲೆ ಕೂತು ಕವಳ ಹಾಕುತ್ತಾ ನನ್ನ ಕಡೆ ನೋಡಿ ನಕ್ಕಿದ್ದು. ಅಜ್ಜಿ ಕ್ಯಾಮೆರಾ ಕಂಡರೆ ನಗುವವರೇ ಅಲ್ಲ.

ಮಾರನೇ ದಿನವೇ ಎಲ್ಲರೂ "ಫೋಟೋ ಕಳಿಸೋ" ಅಂತ ಹಿಂದೆ ಬಿದ್ದರು. ಒಂದೊಂದು ಫೋಟೋ 8-10 ಎಂಬಿ. ನಮ್ಮೂರ ನೆಟ್‌ವರ್ಕ್‌ನಲ್ಲಿ ಅಷ್ಟು ದೊಡ್ಡದು ಹೋಗುವುದಿಲ್ಲ. ಉಚಿತವಾಗಿ ಸಿಗುವ ಒಂದು ಸಾಫ್ಟ್‌ವೇರ್‌ಗೆ ಇಡೀ ಫೋಲ್ಡರ್ ಕೊಟ್ಟು, ಎಲ್ಲವನ್ನೂ ಒಟ್ಟಿಗೆ ರೀಸೈಜ್ ಮಾಡಿದೆ. ಉದ್ದ 900 ಪಿಕ್ಸೆಲ್ (ಪಿಕ್ಸೆಲ್ ಅಂದರೆ ಫೋಟೋ ಮೂಡಿಸುವ ಬಣ್ಣದ ಚುಕ್ಕಿ). ಹೊಸ ಫೈಲ್ ಎಲ್ಲಿ ಇಡಬೇಕು ಅಂತ ಕೇಳಿದಾಗ ಅದೇ ಫೋಲ್ಡರ್ ತೋರಿಸಿದೆ. "ಓವರ್‌ರೈಟ್" ಅನ್ನುವ ಕಡೆ, ಅಂದರೆ ಹಳೆಯ ಫೈಲ್ ಮೇಲೇ ಹೊಸದನ್ನು ಬರೆ ಅನ್ನುವ ಕಡೆ ಟಿಕ್ ಇತ್ತು, ನೋಡಲೇ ಇಲ್ಲ. ಫೋನಿನಲ್ಲಿ ಎಲ್ಲರಿಗೂ ಚೆನ್ನಾಗಿಯೇ ಕಂಡಿತು. ವಾರ ಕಳೆದ ಮೇಲೆ ಚಿಕ್ಕಪ್ಪ, "ಕ್ಯಾಮೆರಾ ಕಾರ್ಡ್ ಖಾಲಿ ಮಾಡಲಾ?" ಅಂತ ಕೇಳಿದರು. ಕಂಪ್ಯೂಟರಿನಲ್ಲಿ ಇದೆ, ಮಾಡಿ ಅಂದೆ.

ಹೋದ ವರ್ಷ ಅಜ್ಜಿ ತೀರಿಕೊಂಡರು. ಕಾರ್ಯದ ದಿನಕ್ಕೆ 12 ಇಂಚಿಗೆ 18 ಇಂಚಿನ ಫೋಟೋಗೆ ಕಟ್ಟು ಹಾಕಿಸೋಣ ಅಂತ ಸ್ಟುಡಿಯೋಗೆ ಹೋದೆ. ಅಲ್ಲಿಯವರು ಫೈಲ್ ತೆರೆದು ಹಿಗ್ಗಿಸಿ ನೋಡಿ, "ಒರಿಜಿನಲ್ ಇಲ್ವಾ?" ಅಂದರು. ಆಗ ನನಗೆ ಹೊಳೆಯಿತು. ಕೈಕಾಲು ತಣ್ಣಗಾಯಿತು.

ಕ್ಯಾಮೆರಾ ಕೊಟ್ಟಿದ್ದು 6000ಕ್ಕೆ 4000, ಅಂದರೆ 2.4 ಕೋಟಿ ಪಿಕ್ಸೆಲ್. ನನ್ನ ಹತ್ತಿರ ಉಳಿದಿದ್ದು 900ಕ್ಕೆ 600, ಬರೀ 5.4 ಲಕ್ಷ. ನಲವತ್ತನಾಲ್ಕು ಪಾಲಿನಲ್ಲಿ ಒಂದು ಪಾಲು! ಒಳ್ಳೆಯ ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು ಅನ್ನುತ್ತಾರೆ. 18 ಇಂಚಿಗೆ 5400 ಆಯಿತು. ಮೂಲ ಫೈಲ್ ಇದ್ದಿದ್ದರೆ ಆರಾಮಾಗಿ ಸಾಲುತ್ತಿತ್ತು. ನನ್ನದರಲ್ಲಿ ಇಂಚಿಗೆ 50 ಮಾತ್ರ. ಅಜ್ಜಿಯ ಮುಖದ ಅಗಲಕ್ಕೆ ನೂರು ಪಿಕ್ಸೆಲ್ ಕೂಡ ಇರಲಿಲ್ಲ.

ಮತ್ತೆ ದೊಡ್ಡದು ಮಾಡಿದರೆ ಆಯ್ತಲ್ಲ ಅಂತ ನಿಮಗೂ ಅನ್ನಿಸಬಹುದು. ಆಗುವುದಿಲ್ಲ. ಚಿಕ್ಕದು ಮಾಡುವಾಗ ಹೋದ ವಿವರ ಹೋಯಿತು. ದೊಡ್ಡದು ಮಾಡುವಾಗ ಸಾಫ್ಟ್‌ವೇರ್ ಅಕ್ಕಪಕ್ಕದ ಬಣ್ಣ ನೋಡಿ ನಡುವಿನದನ್ನು ಅಂದಾಜಿನಲ್ಲಿ ತುಂಬುತ್ತದೆ, ಅಷ್ಟೇ. ಮಂಜು ಕವಿದ ಹಾಗೆ ಬಂತು. ಎಐ ಬಳಸಿ ನೋಡಿದೆ. ಕಣ್ಣು, ತುಟಿ ಎಲ್ಲ ಸ್ಪಷ್ಟವಾಯಿತು. ಆದರೆ ಕೆನ್ನೆಯ ಸುಕ್ಕು ಹೋಗಿತ್ತು, ಮೂಗುತಿ ಬೇರೆ ಆಕಾರಕ್ಕೆ ತಿರುಗಿತ್ತು. ಅಮ್ಮ ಸ್ವಲ್ಪ ಹೊತ್ತು ನೋಡಿ, "ಇದು ಯಾರು?" ಅಂದರು. ಅದನ್ನು ಅಳಿಸಿಬಿಟ್ಟೆ.

ರೀಸೈಕಲ್ ಬಿನ್‌ನಲ್ಲಿ ಏನೂ ಇರಲಿಲ್ಲ. ಅಳಿಸಿದ ಫೈಲ್ ಅಲ್ಲಿಗೆ ಹೋಗುತ್ತದೆ, ಅದೇ ಹೆಸರಿನಲ್ಲಿ ಮೇಲೆ ಬರೆದ ಫೈಲ್ ಹೋಗುವುದಿಲ್ಲ. ಸುಮ್ನೆ ಫಾರ್ಮ್ಯಾಟ್ ಮಾಡಿದ ಕಾರ್ಡ್ ಆಗಿದ್ದರೆ ಅಳಿಸಿದ ಫೋಟೋ ಹುಡುಕಿ ತೆಗೆಯುವ ಫೋಟೋರೆಕ್ ಥರದ ಸಾಫ್ಟ್‌ವೇರ್‌ನಿಂದ ಎಷ್ಟೋ ಸಲ ಫೋಟೋ ವಾಪಸ್ ಸಿಗುತ್ತವೆ. ಹಾಗೇನಾದರೂ ಆದರೆ ಆ ಕಾರ್ಡಿನಲ್ಲಿ ಹೊಸದಾಗಿ ಒಂದೂ ಫೋಟೋ ತೆಗೆಯಬೇಡಿ, ಮೊದಲು ಅದನ್ನು ಹೊರಗೆ ತೆಗೆದಿಡಿ. ನಮ್ಮ ಕಾರ್ಡಿನಲ್ಲಿ ಆಗಲೇ ಮೂರು ಸಲ ಬೇರೆ ಫೋಟೋ ತುಂಬಿ ಖಾಲಿ ಮಾಡಿದ್ದಾಗಿತ್ತು.

ದಯವಿಟ್ಟು ಇಷ್ಟು ಮಾಡಿ. ಮೊದಲು ಫೋಲ್ಡರನ್ನು ಕಾಪಿ ಮಾಡಿ, ರೀಸೈಜ್ ಮಾಡುವುದು ಕಾಪಿಯನ್ನು ಮಾತ್ರ. ಹೊಸ ಫೈಲ್‌ಗಳಿಗೆ ಬೇರೆಯದೇ ಫೋಲ್ಡರ್ ಕೊಡಿ. ಫೋಟೋಶಾಪ್‌ನಲ್ಲಿ ಜೆಪೆಗ್ ಚಿಕ್ಕದು ಮಾಡಿ ಅಭ್ಯಾಸಬಲದಿಂದ ಕಂಟ್ರೋಲ್ ಎಸ್ ಒತ್ತಿದರೆ ಮೂಲದ ಮೇಲೇ ಕೂರುತ್ತದೆ, "ಸೇವ್ ಆ್ಯಸ್" ಬಳಸಿ ಬೇರೆ ಹೆಸರು ಕೊಡಿ. ಜಿಂಪ್ ಅನ್ನುವ ಉಚಿತ ಫೋಟೋ ಸಾಫ್ಟ್‌ವೇರ್‌ನಲ್ಲಿ "ಎಕ್ಸ್‌ಪೋರ್ಟ್ ಆ್ಯಸ್" ಒಳ್ಳೆಯದು, ಅದೇ ಮೆನುವಿನಲ್ಲಿರುವ "ಓವರ್‌ರೈಟ್" ಕಡೆ ಕೈ ಹೋಗದಿರಲಿ. ಪ್ರಿಂಟಿನ ಅಳತೆ ಮಾತ್ರ ಬದಲಿಸಬೇಕಾದರೆ ಫೋಟೋಶಾಪ್‌ನ ಇಮೇಜ್ ಸೈಜ್‌ನಲ್ಲಿ "ರೀಸ್ಯಾಂಪಲ್" ಟಿಕ್ ತೆಗೆಯಿರಿ, ಆಗ ಒಂದು ಪಿಕ್ಸೆಲ್ ಕೂಡ ಹೋಗುವುದಿಲ್ಲ. ಇನ್ನು ಕಾರ್ಡ್ ಖಾಲಿ ಮಾಡುವ ಮೊದಲು ಕಂಪ್ಯೂಟರಿನಲ್ಲಿ ನಾಲ್ಕೈದು ಫೋಟೋ ತೆರೆದು ಅವುಗಳ ಅಳತೆ ನೋಡಿ. ನಾನು ಅದೊಂದು ಮಾಡಿದ್ದರೂ ಸಾಕಿತ್ತು.

ಕೊನೆಗೆ 4 ಇಂಚಿಗೆ 6 ಇಂಚು ಪ್ರಿಂಟ್ ಹಾಕಿಸಿದೆವು. ಇಂಚಿಗೆ 150 ಬರುತ್ತದೆ, ಹತ್ತಿರದಿಂದ ನೋಡಬಹುದು. ಅಜ್ಜನ ದೊಡ್ಡ ಫೋಟೋ ಪಕ್ಕ ಅಜ್ಜಿಯದು ಅಷ್ಟು ಚಿಕ್ಕದಾಗಿ ತೂಗುತ್ತಿದೆ.

ಚಿಕ್ಕಪ್ಪನ ಮಗ ಮದುವೆಯ ರಾತ್ರಿಯೇ ಏಳು ಫೋಟೋಗಳನ್ನು ತನ್ನ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದನಂತೆ. ಹೋದ ತಿಂಗಳು ಸಿಕ್ಕಿತು. ಪೂರ್ತಿ 6000ಕ್ಕೆ 4000. ಅದರಲ್ಲಿ ಅಜ್ಜಿ ಇರುವುದು ಒಂದರಲ್ಲಿ ಮಾತ್ರ, ಅದೂ ಒಲೆ ಕಡೆ ಮುಖ ಮಾಡಿ ಕೂತಿದ್ದಾರೆ. ಸೀರೆಯ ಅಂಚಿನ ನೂಲು ಕೂಡ ಕಾಣುತ್ತದೆ.