ಎತ್ತಿ ಇಡೋ ಮಣ್ಣಿನ ಭಟ್ಟಿ, ತಗೋಬೇಕೋ ಬ್ಯಾಡೋ

ಬಾಡಿಗಿ ಮನ್ಯಾಗ ಇರೋರು ನಾನ್ ರೊಟ್ಟಿ, ಪಿಜ್ಜಾ ಸುಡೋ ಮಣ್ಣಿನ ಭಟ್ಟಿ ಕಟ್ಟಿಸಿದ್ರ ಮನಿ ಖಾಲಿ ಮಾಡುವಾಗ ಅಲ್ಲೇ ಬಿಟ್ ಹೋಗ್ಬೇಕು, ಅದಕ್ಕ ಕಲಬುರಗಿ ಊರ ಹೊರಗ ಒಬ್ಬ ಕುಂಬಾರ್ರ ಹತ್ರ ಎತ್ತಿ ಇಡೋ ಹಂಗ ಒಂದು ಹೇಳಿ ಮಾಡಿಸಿದ್ವಿ. ಇಬ್ರು ಹಿಡದ್ರ ಮಾಳಗಿ ಮ್ಯಾಲ ಏರ್ತದ, ಖರೇ.

ಹಗುರ ಹೆಂಗಂದ್ರ, ಒಳಗಿನ ಪದರ ಅಷ್ಟೇ ಗಟ್ಟಿ, ಕೆಂಪು ಜೇಡಿಮಣ್ಣಿಗಿ ಎರಡರಷ್ಟು ಉಸುಕು, ಎರಡು ಇಂಚ್ ದಪ್ಪ. ಅದರ ಮ್ಯಾಲ ಮಣ್ಣು ಅಂಬಲಿ ಹಂಗ ತೆಳ್ಳಗ ಕಲಸಿ ಅದ್ರಾಗ ಭತ್ತದ ಹೊಟ್ಟು, ಕಟಗಿ ಪುಡಿ ತುಂಬಿ ಮೆತ್ತ್ಯಾರ. ಉರಿ ತಾಗಿದಲ್ಲಿ ಹೊಟ್ಟು ಸುಟ್ಟು ಸಣ್ಣ ಸಣ್ಣ ತೂತು ಉಳೀತಾವ, ಆ ತೂತಿನಾಗಿನ ಗಾಳಿನೇ ಬಿಸಿ ಹೊರಗ ಬಿಡಲ್ಲ, ಒಳಗ ಧಗಧಗ ಉರಿವಾಗ ಹೊರಗ ಕೈ ಇಟ್ರೂ ಸುಡಲ್ರಿ. ನಮ್ ಎರಿ ಮಣ್ಣು ಇದಕ್ಕ ನಡ್ಯಲ್ಲ, ನೀರ್ ಕುಡ್ದು ಉಬ್ಬತದ, ಒಣಗಿದ್ರ ಬಿರೀತದ, ಬ್ಯಾಸಗ್ಯಾಗ ಹೊಲದಾಗ ನೋಡೀರಲ್ಲ. ಅವ್ರು ಬೀದರ್ ಕಡಿಯಿಂದ ಕೆಂಪು ಮಣ್ಣು ತರಿಸ್ತಾರಂತ.

ಬಾಗಿಲು ಭಾಳ ಛಲೋ ಲೆಕ್ಕಾ ಹಾಕ್ಯಾರ, ಗುಮ್ಮಟ 16 ಇಂಚ್ ಎತ್ತರ, ಬಾಗಿಲು 10, ಇದಕಿಂತ ದೊಡ್ಡದಾದ್ರ ಬಿಸಿ ಹೊರಗ ಓಡತದ, ಸಣ್ಣದಾದ್ರ ಹೊಗಿ ಉಸಿರು ಕಟ್ಟತದ.

ಸಿಟ್ಟು ಬಂದಿದ್ದು ತಳಕ್ಕ. ಸಸ್ತಾ ಸಿಗ್ತದಂತ ಶಹಾಬಾದ್ ಫರ್ಸಿ ಕೂಡ್ಸಿದ್ರು, ತೊಗರಿ ಕಟಗಿ ಉರಿ ಜೋರಾದಾಗ ಟಪ್ ಅಂತ ಚೆಕ್ಕಿ ಎದ್ದು ರೊಟ್ಟಿಗೇ ಹತ್ತಿತು. ಅದು ಸುಣ್ಣದ ಕಲ್ಲು, ಪಡಸಾಲಿಗಿ ಹಾಸ್ಲಿಕ್ಕ ಸರಿ, ಬೆಂಕಿ ಕೆಳಗ ಯಾರ್ ಇಡ್ತಾರ್ರಿ? ವಾಪಸ್ ಒಯ್ದ್ರ ಬೆಂಕಿ ತಡಿಯೋ ಇಟಗಿ ಹಾಕಿ ಕೊಟ್ರು, ಅದಕ್ಕೂ ರೊಕ್ಕ ತಗೊಂಡ್ರು. ಒಂದು ಸ್ಟಾರ್ ಅಲ್ಲೇ ಕಟ್.

ಇನ್ನೊಂದ್ ಏನಂದ್ರ ಗಟ್ಟಿ ಮಣ್ಣು ಕಮ್ಮಿ ಇರೋದಕ್ಕ ಲಗೂ ಕಾಯತದ, ಆದ್ರ ಉರಿ ತೆಗದ್ ಮ್ಯಾಲ ಭಾಳ ಹೊತ್ತು ತಡ್ಯಲ್ಲ. ನಾನ್ ರೊಟ್ಟಿ, ಪಿಜ್ಜಾ ಅಂದ್ರ ಬಾಜೂಕ ಕೆಂಡ ಇಟಗೊಂಡೇ ಮಾಡ್ತೀವಿ, ಮಸ್ತ್ ಬರ್ತಾವ. ಬೇಕರಿ ಹಂಗ ಕೆಂಡ ಎಲ್ಲಾ ಎಳದು ಒಂದರ ಹಿಂದ ಒಂದು ಬ್ರೆಡ್ ಸುಡ್ತೀನಿ ಅನ್ನೋರು ನಡುವ ಮತ್ತ ಉರಿ ಹಾಕಲೇಬೇಕು, ಅಂಥೋರು ಭಾರ ಆದ್ರೂ ದಪ್ಪ ಭಟ್ಟಿನೇ ಕಟ್ಟಿಸ್ರಿ.

ಟಂಟಂ ಆಟೋದಾಗ ತರುವಾಗ ಕೂದಲಷ್ಟು ಬಿರುಕು ಬಿಟ್ಟಿತ್ತು, ಹಸಿ ಮಣ್ಣು ತುಂಬಿದ್ವಿ, ಈಗ ಕಾಣಲ್ಲ. ಮಳಿಗಾಲಕ್ಕ ಮ್ಯಾಲ ತಗಡಿನ ಪತ್ರಾ ಬೇಕೇ ಬೇಕು. ಆರ್ಡರ್ ಕೊಡುವಾಗಲೇ ಫರ್ಸಿ ಬ್ಯಾಡ ಅಂತ ಹೇಳ್ರಿ, ಒಣಗಿಸಿ ಸಣ್ಣ ಉರಿ ಹಾಕಿ ತೋರಿಸಿದ್ ಮ್ಯಾಲೇ ಬಾಕಿ ರೊಕ್ಕ ಕೊಡ್ರಿ.