ತೊಲೆಗೆ ನೇತುಹಾಕುವ 5 ಕೆಜಿ ತಕ್ಕಡಿ: ವರ್ಷಗಟ್ಟಲೆ ಬಳಸಿದ ಮೇಲೆ

ಚಿಕ್ಕಂದಿನಲ್ಲಿ ಊರಂಗಡಿಯ ಕಟ್ಟೆ ಹತ್ತಿದವರಿಗೆಲ್ಲ ಈ ತಕ್ಕಡಿ ಗೊತ್ತು: ಕಬ್ಬಿಣದ ದಂಡಿ, ನಡುವೆ ಮುಳ್ಳು, ಸರಪಳಿಯಲ್ಲಿ ಎರಡು ತಟ್ಟೆ. ಈಗ ಇದನ್ನು ಅಲಂಕಾರಕ್ಕೆ ಕೊಳ್ಳುವವರೇ ಹೆಚ್ಚು. ಆದರೆ ಚಿಲ್ಲರೆ ದಿನಸಿಗೆ ಇದು ಇನ್ನೂ ಲಾಯಕ್ಕು, ಚೊಕ್ಕಟವಾಗಿ ಇಟ್ಟುಕೊಂಡರೆ ಮಾತ್ರ.

ಇದರ ಜೀವವೆಲ್ಲ ಅಲಗಿನಲ್ಲಿ, ಎಂದರೆ ದಂಡಿಯೂ ತಟ್ಟೆಗಳೂ ತೂಗಾಡುವ ಚೂಪು ಅಂಚಿನಲ್ಲಿ. ದಂಡಿಯ ನಡುವೆ ಒಂದು, ಎರಡು ತುದಿಗೆ ಒಂದೊಂದು. ಹಿಟ್ಟಿನ ಧೂಳು, ಬೆಲ್ಲದ ಅಂಟು ಅಲ್ಲಿ ಸೇರಿದರೆ ಮುಳ್ಳು ಸೋಮಾರಿಯಾಗುತ್ತದೆ. ಒಂದು ಹಿಡಿ ಜೀರಿಗೆ ಸುರಿದರೂ ಮಿಸುಕುವುದಿಲ್ಲ. ಆಗ ಎಣ್ಣೆ ಬಿಡುವವರಿದ್ದಾರೆ. ಬೇಡ, ಎಣ್ಣೆಗೆ ಧೂಳು ಇನ್ನಷ್ಟು ಹತ್ತುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ಒಣ ಬಟ್ಟೆ ಸಾಕು.

ಖಾಲಿ ತಟ್ಟೆ ಸಮ ನಿಂತಿತೆಂದು ತೂಕ ಸರಿ ಎನ್ನಲಾಗದು. ತೋಳುಗಳಲ್ಲಿ (ನಡುವಿನ ಅಲಗಿನಿಂದ ತುದಿಯವರೆಗಿನ ದಂಡಿಯ ಎರಡು ಭಾಗ) ಉದ್ದ ಗಿಡ್ಡ ಇದ್ದರೂ ಸರಪಳಿಗೆ ತಂತಿ ಸುತ್ತಿ ಖಾಲಿ ತಟ್ಟೆಯನ್ನು ಸಮ ಮಾಡಿಬಿಡಬಹುದು. ಪರೀಕ್ಷೆ ಹೀಗೆ: ಒಂದು ಕಡೆ 1 ಕೆಜಿ ಬಟ್ಟು, ಇನ್ನೊಂದು ಕಡೆ ಬೇಳೆ ಹಾಕಿ ಸಮ ಮಾಡಿ, ಆಮೇಲೆ ಎರಡನ್ನೂ ಅದಲು ಬದಲು ಮಾಡಿ. ಬೇಳೆಯ ಕಡೆಗೆ 20 ಗ್ರಾಂ ಸೇರಿಸಬೇಕಾಗಿ ಬಂದರೆ ನಿಜವಾದ ದೋಷ ಅದರ ಅರ್ಧ, 10 ಗ್ರಾಂ.

200 ಗ್ರಾಂ ಬಟ್ಟು ಎರಡಿರಲಿ. ಒಂದೇ ಇದ್ದರೆ 400 ಗ್ರಾಂ ತೂಗಲು 500ರ ಬಟ್ಟು ಇಟ್ಟು, ಸಾಮಾನಿನ ಕಡೆ 100 ಇಡಬೇಕು. ಸಂಜೆಯ ಗಿರಾಕಿಗಳ ನಡುವೆ ಈ ಲೆಕ್ಕ ತಪ್ಪುವುದು ಸಹಜ. ಕಬ್ಬಿಣದ ಬಟ್ಟಿನ ಗುಳಿಯಲ್ಲಿ ತುಂಬಿದ ಸೀಸದ ಮೇಲೇ ಮುದ್ರೆ ಇರುತ್ತದೆ. ಸೀಸ ಉದುರಿದರೆ ಬಟ್ಟು ಹಗುರವಾಗುತ್ತದೆ, ನಷ್ಟ ಕೊಳ್ಳುವವರಿಗೆ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯನ್ನು ತಕ್ಕಡಿಗೂ ಬಟ್ಟಿಗೂ 2 ವರ್ಷಕ್ಕೊಮ್ಮೆ ಹೊಸದಾಗಿ ಹಾಕಿಸಬೇಕು. ಎಲೆಕ್ಟ್ರಾನಿಕ್ ಯಂತ್ರಕ್ಕಾದರೆ ಪ್ರತಿವರ್ಷ.

ಆ ಯಂತ್ರದ ಜೊತೆ ಹೋಲಿಸಿದರೆ? ಅಕ್ಕಿ, ಈರುಳ್ಳಿಗೆ ಯಂತ್ರವೇ ವಾಸಿ. ಬೇಗ ಆಗುತ್ತದೆ, ಬೆಲೆಯನ್ನೂ ತೋರಿಸುತ್ತದೆ. ಆದರೆ 30 ಕೆಜಿಯವರೆಗೆ, 5 ಗ್ರಾಂ ಅಂತರದಲ್ಲಿ ತೂಕ ತೋರಿಸುವ ಸಾಮಾನ್ಯ ಅಂಗಡಿ ಯಂತ್ರದ ಕನಿಷ್ಠ ತೂಕ 100 ಗ್ರಾಂ. ಅದರ ಫಲಕದಲ್ಲೇ ಬರೆದಿರುತ್ತದೆ. 50 ಗ್ರಾಂ ಮೆಣಸು, ಏಲಕ್ಕಿಯನ್ನು ಅದರಲ್ಲಿ ತೂಗುವುದು ಅಂದಾಜಿನ ವ್ಯಾಪಾರ. ಅಂಥದ್ದಕ್ಕೆ ಚಿಕ್ಕ ತಕ್ಕಡಿಯೇ ಸರಿ.

ಕಿರಿಕಿರಿಗಳೂ ಇವೆ. ಫ್ಯಾನಿನ ಕೆಳಗೆ ನೇತುಹಾಕಿದರೆ ತಟ್ಟೆ ನಿಲ್ಲುವುದೇ ಇಲ್ಲ. ಪೊಟ್ಟಣದ ಕಾಗದದಲ್ಲಿ ತೂಗುವಾಗ ಬಟ್ಟಿನ ಕಡೆಗೂ ಅಷ್ಟೇ ಕಾಗದ ಹಾಕಬೇಕು, ಎಣ್ಣೆಗೆ ಬಂದ ಬಾಟಲಿಯನ್ನು ಮೊದಲು ಹರಳುಕಲ್ಲಿನಿಂದ ಸಮ ಮಾಡಿಕೊಳ್ಳಬೇಕು.

ಗುಜರಿಯಲ್ಲಿ ಹಳೆಯದು ಕೊಳ್ಳುವುದಾದರೆ ಬಣ್ಣ, ತುಕ್ಕು ನೋಡಬೇಡಿ, ನಡುವಿನ ಅಲಗಿನ ಮೇಲೆ ಉಗುರು ಎಳೆದು ನೋಡಿ. ಅಂಚು ಉರುಟಾಗಿದ್ದರೆ ಬಿಟ್ಟುಬಿಡಿ; ಅದನ್ನು ಮಸೆದು ಹೊಂದಿಸುವ ಕೆಲಸ ಪರವಾನಗಿ ಇರುವ ರಿಪೇರಿಯವರದು, ಸಾಣೆ ಹಿಡಿಯುವವರದಲ್ಲ.