ಏಳು ಗಂಡಂದಿರ ಲೆಕ್ಕ ಸಿಕ್ತು, ಅಂಗಡಿ ಲೆಕ್ಕ ಸಿಗ್ಲಿಲ್ಲ

ಬೆಳಗಾವಿ ಜುಲೈ ಮಳಿ ಗೊತ್ತಲ್ರಿ, ಒಮ್ಮೆ ಹಿಡೀತಂದ್ರ ಅರಿಬಿ ಒಣಗಂಗಿಲ್ಲ, ಹೊರಗ ಕಾಲಿಡಂಗಿಲ್ಲ, ಹಂಗಾಗಿ ಶನಿವಾರ ಐತವಾರ ಎರಡೂ ರಾತ್ರಿ ಮಾಮಾನ ಕಡೆಯಿಂದ ತಂದಿದ್ದ ಹಳೇ ಡಿವಿಡಿ ಹಾಕ್ಕೊಂಡ್ ಕುಂತ್ವಿ. 'ಪೂವರ್ ಲಿಟಲ್ ರಿಚ್ ಗರ್ಲ್: ದ ಬಾರ್ಬರಾ ಹಟನ್ ಸ್ಟೋರಿ'. 1987ರ ಅಮೆರಿಕನ್ ಮಿನಿಸರಣಿ, ಎನ್‌ಬಿಸಿ ಚಾನೆಲ್‌ದು, ನಾಕ್ ತಾಸಿನ ಮ್ಯಾಲೆ ಐತಿ. 'ಚಾರ್ಲೀಸ್ ಏಂಜಲ್ಸ್' ಅನ್ನೋ ಟಿವಿ ಸರಣಿಯ ಫರಾ ಫಾಸೆಟ್ ಹೀರೋಯಿನ್. ನನ್ ಜೋಡಿ ನಮ್ಮ ಆಯಿ. ಆಯಿಗೆ ಇಂಗ್ಲೀಷ್ ಒಂದಕ್ಷರ ಬರಂಗಿಲ್ಲ, ಆದ್ರ ಯಾರು ಯಾರಿಗೆ ಟೋಪಿ ಹಾಕಾಕತ್ತಾರ ಅನ್ನೋದು ನನಗಿಂತ ಮೊದಲ ಅಕಿಗೇ ತಿಳೀತಿತ್ತು.

ಮೊದಲ ಈ ಬಾರ್ಬರಾ ಯಾರು ಅಂತ ಹೇಳಬೇಕಾತು. "ಗಣಪತ್ ಗಲ್ಲ್ಯಾಗ ಗಾಡಿ ನಿಂದ್ರಿಸಿಕೊಂಡು ಯಾವ್ದ್ ತಗೊಂಡ್ರೂ ಹತ್ ರೂಪಾಯಿ, ಯಾವ್ದ್ ತಗೊಂಡ್ರೂ ಹತ್ ರೂಪಾಯಿ ಅಂತ ಒದರ್ತಾನಲ್ಲ ಆಯಿ, ಅಂಥಾಂವನ ಮೊಮ್ಮಗಳು" ಅಂದೆ. ಚ್ಯಾಷ್ಟಿ ಅಲ್ರಿ, ಖರೇನ. ಇಕಿ ಅಜ್ಜ ಫ್ರ್ಯಾಂಕ್ ವುಲ್ವರ್ತ್ 1879ರಾಗ ಪೆನ್ಸಿಲ್ವೇನಿಯಾದ ಲ್ಯಾಂಕಸ್ಟರ್‌ನ್ಯಾಗ ಐದು ಸೆಂಟಿನ ಅಂಗಡಿ ಹಾಕಿ ಗೆದ್ದಾಂವ, ಮುಂದ ಹತ್ತು ಸೆಂಟಿನ ಮಾಲೂ ಇಟ್ಟ, ಆ ಚಿಲ್ರೆ ಕೂಡಿ ಕೂಡಿ 1913ರಾಗ ನ್ಯೂಯಾರ್ಕ್‌ನ್ಯಾಗ 792 ಅಡಿ ಎತ್ತರದ ಬಿಲ್ಡಿಂಗ್ ಎದ್ದು ನಿಂತು, ಆಗಿನ ಕಾಲಕ್ಕ ಜಗತ್ತಿನ್ಯಾಗ ಅದಕ್ಕಿಂತ ಎತ್ತರದ ಬಿಲ್ಡಿಂಗ್ ಇರ್ಲಿಲ್ಲ, ಅದನ್ನೂ ಸಾಲ ಮಾಡಲಾರದ ನಗದು ಎಣಿಸಿ ಕಟ್ಟಿಸಿದ ಮನಷ್ಯಾ. ಅಜ್ಜನ ಪಾತ್ರ ಬರ್ಲ್ ಐವ್ಸ್ ಮಾಡ್ಯಾರ. ಇನ್ನಷ್ಟು ಹೊತ್ತು ಇರಬೇಕಿತ್ತು ಅವರು.

ನನಗ ಎಲ್ಲಾಕ್ಕಿಂತ ಹಿಡಿಸಿದ್ದು ಸಣ್ಣಾಕಿ ಇದ್ದಾಗಿನ ಭಾಗ. 1917ರಾಗ ತಾಯಿ ಸತ್ತಾಗ ಬಾರ್ಬರಾಗ ಐದು ವರ್ಷ ಸೈತ ತುಂಬಿರ್ಲಿಲ್ಲ, ಹೆಣ ಮೊದಲು ಕಂಡದ್ದು ಆ ಕೂಸಿಗೇ ಅಂತಾರ. ಅಪ್ಪ ಷೇರು ದಲ್ಲಾಳಿ, ಮಗಳ ರೊಕ್ಕ ಬೆಳೆಸಾಕ ಗೊತ್ತಿತ್ತು, ಮಗಳನ್ನ ಬೆಳೆಸಾಕ ಗೊತ್ತಿರ್ಲಿಲ್ಲ. ಹುಡುಗಿ ಜರಾ ದೊಡ್ಡಾಕಿ ಆದಾಗಿನ ಪಾತ್ರಕ್ಕ ಫೈರೂಜಾ ಬಾಲ್ಕ್ ಬರ್ತಾಳ, ಮಾತು ಕಡಿಮಿ, ಕಣ್ಣಾಗ ಎಲ್ಲಾ ಐತಿ. ಆಯಿ ಅಲ್ಲೇ ಸೆರಗಿನಿಂದ ಮೂಗು ಒರೆಸಿಕೊಂಡು "ತಾಯಿ ಇಲ್ಲದ ಕೂಸಿಗೆ ಬಂಗಾರದ ತೊಟ್ಟಿಲ ತಗೊಂಡ್ ಏನ್ ಮಾಡೂದೈತಿ" ಅಂದ್ಲು.

ಮುಂದ ಫರಾ ಫಾಸೆಟ್ ಬಂದ ಮ್ಯಾಲೆ ಗಾಡಿ ಓಡಾಕ ಸುರು. 1930ರಾಗ, ಅಮೆರಿಕಾದಾಗ ಮಂದಿ ಬ್ರೆಡ್ಡಿಗೆ ಸಾಲು ಹಚ್ಚಿ ನಿಂತಾಗ, ನ್ಯೂಯಾರ್ಕಿನ ರಿಟ್ಜ್ ಕಾರ್ಲ್‌ಟನ್ ಹೊಟೇಲಿನ್ಯಾಗ ಇಕಿಗೆ 60,000 ಡಾಲರ್ ಖರ್ಚಿನ ಪಾರ್ಟಿ. ಪೇಪರಿನವ್ರು ಹರಿದು ಹಾಕಿದ್ರು, ಮನ್ಯಾಗಿನವ್ರು ಯುರೋಪಿಗೆ ಅಟ್ಟಿದ್ರು. 1933ರಾಗ 21 ತುಂಬಿತು, ಸುಮಾರು 5 ಕೋಟಿ ಡಾಲರ್ ಕೈಗೆ ಬಂತು, ಅದ ವರ್ಷ ಮೊದಲನೇ ಗಂಡ, ಜಾರ್ಜಿಯಾದ ಪ್ರಿನ್ಸ್ ಅಂತ ಹೇಳ್ಕೊಂಡ್ ತಿರುಗೋ ಅಲೆಕ್ಸಿಸ್ ಮದಿವಾನಿ.

ಇಲ್ಲಿಂದ ಆಯಿದೊಂದು ಆಟ ಸುರು ಆತು. ಶೇಂಗಾ ತಿನ್ಕೋತ ಕುಂತಿದ್ಲು, ಒಬ್ಬೊಬ್ಬ ಗಂಡ ಬಂದಂಗ ಒಂದೊಂದು ಶೇಂಗಾ ಬಸಿಯಾಗ ಎತ್ತಿಡಾಕ ಹತ್ತಿದ್ಲು. ಎರಡನೇದಾಂವ ಡೆನ್ಮಾರ್ಕಿನ ಕೌಂಟ್ ರೆವೆಂಟ್‌ಲೋ, ಹೊಡಿಯೂ ಬಡಿಯೂ ಮನಷ್ಯಾ, ಅವನ ಶೇಂಗಾ ಸಿಟ್ಟಿಗೆ ಜಜ್ಜಿ ಇಟ್ಲು. ಮೂರನೇದಾಂವ ಹಾಲಿವುಡ್ ಹೀರೋ ಕ್ಯಾರಿ ಗ್ರಾಂಟ್, 1942ರಿಂದ 45, ಇವರಿಬ್ಬರಿಗೂ ಪೇಪರಿನವ್ರು 'ಕ್ಯಾಶ್ ಆ್ಯಂಡ್ ಕ್ಯಾರಿ' ಅಂತ ಹೆಸರಿಟ್ಟಿದ್ರಂತ, ಆದ್ರ ಹೆಂಡ್ತಿ ರೊಕ್ಕದಾಗ ಒಂದು ಪೈಸಾ ಮುಟ್ಟದ ಗಂಡ ಅಂದ್ರ ಇವನೊಬ್ಬನೇ. ಅದನ್ನ ಹೇಳಿದ್ ಕೂಡ್ಲೆ ಆಯಿ ಅವನ ಶೇಂಗಾ ಬ್ಯಾರೇ ಎತ್ತಿಟ್ಲು. ಐದನೇದಾಂವ ಡೊಮಿನಿಕನ್ ರಾಜತಾಂತ್ರಿಕ ರುಬಿರೋಸಾ, ಸಂಸಾರ ಬರೇ 53 ದಿನ, ಅಲ್ರಿ, ನಮ್ಮ ಕಡೆ ಲಗ್ನದ ಆಲ್ಬಮ್ ಕೈಗೆ ಬರಾಕ ಅದಕ್ಕಿಂತ ಹೆಚ್ಚು ದಿನ ಹಿಡೀತೈತಿ. ನಡುವ ಕರೆಂಟ್ ಹೋತು, ಕತ್ತಲ್ಯಾಗ ಆಯಿ ಬಸಿಯಾಗಿನ ಗಂಡಂದಿರನ್ನ ತಿಂದು ಬಿಟ್ಟಿದ್ಲು, "ಇಂವ ಎಷ್ಟನೇದಾಂವ ತಂಗಿ?" ಅಂತ ಆಮ್ಯಾಲೆ ನನ್ನೇ ಕೇಳಾಕ ಹತ್ತಿದ್ಲು.

ಸರಣಿ ತೊಂದ್ರಿನೂ ಇದೇ ನೋಡ್ರಿ. ಏಳು ಮಂದಿನ್ನ ಮುಗಿಸಬೇಕಲ್ಲ, ಹಂಗಾಗಿ ಓಡತೈತಿ. ನಮ್ಮ ಕನ್ನಡ ಸೀರಿಯಲ್‌ದಾಗ ಒಂದು ಕಪಾಳ ಮೋಕ್ಷಕ್ಕ ಒಂದು ವಾರ, ಇಲ್ಲಿ ಗಂಡ ಬಂದು ಡೈವೋರ್ಸ್ ಆಗಿ ಹೋಗಾಕ ಚಾ ಆರೂವಷ್ಟೂ ಹೊತ್ತಿಲ್ಲ. ಅರಿಬಿ, ಒಡವಿ, ಬಂಗ್ಲೆ ಎಲ್ಲಾ ಮಸ್ತ್. ಫರಾ ಫಾಸೆಟ್ ಕುಡದು, ಗುಳಿಗಿ ನುಂಗಿ, ಊಟ ಬಿಟ್ಟು ಸೊರಗೋ ಭಾಗದಾಗ ಭಾಳ ಛಲೋ ಮಾಡ್ಯಾಳ, ಮುದುಕಿ ಮೇಕಪ್ ಮಾತ್ರ ಹಿಟ್ಟು ಬಳದಂಗ ಕಾಣ್ತೈತಿ. 1972ರಾಗ ಒಬ್ಬನೇ ಮಗ ಲ್ಯಾನ್ಸ್ ಕೊಲರಾಡೊದಾಗ ವಿಮಾನ ಬಿದ್ದು ಸತ್ತ, 36 ವಯಸ್ಸು, ಅದು ತಿಳದಿದ್ದಕ್ಕ ನನಗ ಕಡೀ ಭಾಗ ಭಾಳ ಭಾರ ಅನಿಸ್ತು. ಮಿನಿಸರಣಿಗೆ ಗೋಲ್ಡನ್ ಗ್ಲೋಬ್ ಬಂದೈತಿ, ಬರ್ಲಿ, ಬ್ಯಾಡ ಅನ್ನಂಗಿಲ್ಲ.

ನನ್ನ ತಕರಾರು ಬ್ಯಾರೇ ಐತಿ. ನಾನು ಡಿಗ್ರಿ ಮುಗಿಸಿ ಎರಡು ವರ್ಷ ಇಲ್ಲೇ ಪ್ಯಾಟ್ಯಾಗ ಒಂದು ಅಂಗಡಿ ಕೌಂಟರಿನ್ಯಾಗ ನಿಂತಾಕಿ. ನಿಂತಾಕಿ ಅಂದ್ರ ಖರೇನ ನಿಂತಾಕಿ, ಮುಂಜಾನೆ ಹತ್ತರಿಂದ ರಾತ್ರಿ ಎಂಟೂವರಿ ತನಕ, ಗಿರಾಕಿ ಇರ್ಲಿ ಬಿಡ್ಲಿ ಕೂಡಂಗಿಲ್ಲ, ದೀಪಾವಳಿ ಟೈಮಿಗೆ ಹಿಮ್ಮಡಿ ಊದಿ ಚಪ್ಲಿ ಸೇರ್ತಿರ್ಲಿಲ್ಲ. ಹಂಗಾಗಿ ವುಲ್ವರ್ತ್ ಅಂದ ಕೂಡ್ಲೆ ನನಗ ಮೊಮ್ಮಗಳ ಹರಳಿನ ಹಾರಕ್ಕಿಂತ ಮೊದಲು ಕೌಂಟರಿನ ಹುಡುಗ್ಯಾರು ನೆನಪಾಗ್ತಾರ. 1937ರಾಗ ಡೆಟ್ರಾಯಿಟ್‌ನ ವುಲ್ವರ್ತ್ ಅಂಗಡ್ಯಾಗ ನೂರಕ್ಕಿಂತ ಹೆಚ್ಚು ಹುಡುಗ್ಯಾರು ಕೆಲಸ ನಿಲ್ಲಿಸಿ, ಅಂಗಡಿ ಒಳಗ ಒಂದು ವಾರ ಠಿಕಾಣಿ ಹೂಡಿ, ಅಲ್ಲೇ ಉಂಡು ಅಲ್ಲೇ ಮಲಗಿ, ತಾಸಿಗೆ ಐದು ಸೆಂಟ್ ಪಗಾರ ಹೆಚ್ಚು ಮಾಡಿಸಿಕೊಂಡ್ರು. ಬಾರ್ಬರಾ ಹೆಸರು ಹಾಕಿ ಅಣಕಿಸಿ ಹಾಡು ಹಾಡ್ತಿದ್ರಂತ! ಅದ ವರ್ಷದ ಕಡೀಕ ಬಾರ್ಬರಾ ಅಮೆರಿಕಾದ ಪೌರತ್ವ ಬಿಟ್ಟುಕೊಟ್ಲು. ಎರಡನ್ನೂ ಎದುರಾಬದುರು ಇಟ್ಟು ಒಂದು ತಾಸು ಕಥಿ ಹೇಳಿದ್ರ ಎಂಥಾ ಸರಣಿ ಆಕ್ಕಿತ್ತು. ಇಲ್ಲಿ ಸರಣಿ ಜೀವ ಎಲ್ಲಾ ಗಂಡಂದಿರ ಬೆನ್ನು ಹತ್ತೂದ್ರಾಗ ಹೋಗೈತಿ.

ಹಂಗಂತ ಬಾರ್ಬರಾ ಕೆಟ್ಟಾಕಿ ಅಂತಲ್ಲ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ್ಯಾಗ ತಾ ಕಟ್ಟಿಸಿದ ವಿನ್‌ಫೀಲ್ಡ್ ಹೌಸ್ ಅನ್ನೋ ಅರಮನಿನ್ನ ಯುದ್ಧ ಮುಗದ ಮ್ಯಾಲೆ ಒಂದು ಡಾಲರ್‌ಗೆ ಅಮೆರಿಕಾ ಸರ್ಕಾರಕ್ಕ ಕೊಟ್ಟಾಕಿ, ಈಗೂ ಅಲ್ಲೇ ಅವರ ರಾಯಭಾರಿ ಇರೋದು. ಕೊಡೂ ಕೈ ಇತ್ತು, ತಡಿಯೂ ಕೈ ಯಾರ್ದೂ ಇರ್ಲಿಲ್ಲ. 1979ರಾಗ 66ನೇ ವಯಸ್ಸಿಗೆ ಸತ್ತಾಗ 3,500 ಡಾಲರ್ ಉಳದಿತ್ತು ಅಂತಾರ. ಇಂಥಾವನ್ನ ಪೂರಾ ನಂಬಬ್ಯಾಡ್ರಿ, ಯಾಕಂದ್ರ ಸರಣಿಗೆ ಆಧಾರ ಆದ ಡೇವಿಡ್ ಹೇಮನ್ ಪುಸ್ತಕದ ಮೊದಲ ಮುದ್ರಣನ್ನ 1983ರಾಗ ಪ್ರಕಾಶಕರೇ ವಾಪಸ್ ಕರೆಸಿಕೊಂಡಿದ್ರು. ಬಾರ್ಬರಾಗ ವಿಪರೀತ ಔಷಧಿ ಬರದು ಕೊಟ್ಟ ಅಂತ ಅದ್ರಾಗ ಒಬ್ಬ ಡಾಕ್ಟರ್ ಹೆಸರು ಬರದಿದ್ರು, ಲೆಕ್ಕ ಹಾಕಿದ್ರ ಆ ಹೊತ್ತಿಗೆ ಆ ಡಾಕ್ಟರ್‌ಗೆ 14 ವಯಸ್ಸು.

ನೋಡೋದಾದ್ರ ಎರಡು ರಾತ್ರಿ ಮಾಡ್ಕೋರಿ, ಒಂದೇ ಸಲಕ್ಕ ಕೂಡಬ್ಯಾಡ್ರಿ. ಸಣ್ಣ ಹುಡುಗಿ ಭಾಗ ತಪ್ಪಿಸಬ್ಯಾಡ್ರಿ, ಕ್ಯಾರಿ ಗ್ರಾಂಟ್ ಹೋಗೂ ತನಕ ಕುಂದರ್ರಿ. ಆಮ್ಯಾಲೆ ಎದ್ದು ಚಾ ಇಟ್ಕೊಂಡು, ಮಿರ್ಚಿ ಕರ್ಕೊಂಡು ಬಂದ್ರೂ ಒಬ್ಬ ಗಂಡ ತಪ್ಪಬಹುದು, ಕಥಿ ತಪ್ಪಂಗಿಲ್ಲ.